ಜಿಮ್‌ನಲ್ಲಿ ಜೊತೆಗಾರ ಬೇಕಾ, ಒಬ್ಬರೇ ತೂಕ ಎತ್ತುವುದೇ ವಾಸಿನಾ?

ಸಂಜೆಬ್ಯಾಚ್
ಬಹಳ ಕಾಲದಿಂದ ನನ್ನ ಜೊತೆ ವರ್ಕೌಟ್ ಮಾಡುತ್ತಿದ್ದ ಗೆಳೆಯನ ಕೆಲಸದ ಪಾಳಿ ಬದಲಾಯಿತು. ಅವನು ಈಗ ಬೆಳಗ್ಗೆ ಹೋಗುತ್ತಾನೆ. ನನಗೆ ಸಂಜೆ ಬಿಟ್ಟರೆ ಗತಿಯಿಲ್ಲ. ಹಾಗಾಗಿ ಒಬ್ಬನೇ ಎತ್ತುತ್ತಿದ್ದೇನೆ.

ವಿಚಿತ್ರ ಏನೆಂದರೆ, ಡೆಡ್‌ಲಿಫ್ಟ್, ರೋ, ಪುಲ್‌ಅಪ್ ಥರದ ಎಳೆಯುವ ವ್ಯಾಯಾಮ ಇರುವ ದಿನ ಮೊದಲಿಗಿಂತ ಚೆನ್ನಾಗಿ ನಡೆಯುತ್ತಿದೆ. ಮಾತು ಕಡಿಮೆ, ಬೇಗ ಮುಗಿಯುತ್ತದೆ. ಬೆಂಚ್ ಪ್ರೆಸ್ (ಮಲಗಿಕೊಂಡು ರಾಡನ್ನು ಎದೆಯಿಂದ ಮೇಲಕ್ಕೆ ತಳ್ಳುವುದು) ದಿನ ಮಾತ್ರ ಕೈ ಏಳುವುದಿಲ್ಲ. ತೂಕ ಅದೇ, ನಿದ್ದೆ ಊಟ ಎಲ್ಲ ಅದೇ. ಆದರೂ ಇನ್ನೊಂದೆರಡು ರೆಪ್, ಅಂದರೆ ಇನ್ನೊಂದೆರಡು ಸಲ ಎತ್ತಿ ಇಳಿಸುವುದು, ಬರುತ್ತದೆ ಅನ್ನಿಸುವಾಗಲೇ ರಾಡ್ ವಾಪಸ್ ಇಟ್ಟುಬಿಡುತ್ತೇನೆ. ರಾಡನ್ನು ಹೆಗಲ ಮೇಲಿಟ್ಟು ಕೂತು ಏಳುವ ಸ್ಕ್ವಾಟ್‌ನಲ್ಲೂ ಸ್ವಲ್ಪ ಹೀಗೇ.

ಹೊಸ ಜೊತೆಗಾರನನ್ನು ಹುಡುಕಿಕೊಳ್ಳಬೇಕಾ, ಇಲ್ಲ ಇದು ಬರೀ ಅಭ್ಯಾಸದ ವಿಷಯವಾ? ಎರಡನ್ನೂ ಮಾಡಿ ನೋಡಿದವರು ಹೇಳಿ.

ಒಂಟಿಸಲಗ
ನನ್ನ ಹೆಸರು ನೋಡಿದರೇ ಉತ್ತರ ಗೊತ್ತಾಗುತ್ತದೆ. ಬೇಡ.

ಜೊತೆಗಾರ ಅಂದರೆ ಏನು? ಅವನು ಬರುವ ತನಕ ಕಾಯಬೇಕು. ಅವನಿಗೆ ಇವತ್ತು ಕಾಲು ನೋವು ಅಂದರೆ ನಿಮ್ಮ ಸ್ಕ್ವಾಟ್ ಹೋಯಿತು. ಅವನಿಗೆ ಬೈಸೆಪ್ಸ್ ಮೇಲೆ ಪ್ರೀತಿ ಅಂದರೆ ನೀವೂ ಬೈಸೆಪ್ಸ್ ಮಾಡುತ್ತಾ ನಿಲ್ಲಬೇಕು. ಇಬ್ಬರ ಶಕ್ತಿ ಬೇರೆ ಬೇರೆ ಇದ್ದರಂತೂ ಪ್ರತಿ ಸೆಟ್‌ಗೂ (ನಿಲ್ಲಿಸದೆ ಮಾಡುವ ಒಂದು ಸುತ್ತು ರೆಪ್) ಪ್ಲೇಟ್ ತೆಗಿ, ಪ್ಲೇಟ್ ಹಾಕು. ಅರ್ಧ ಶಕ್ತಿ ಅದಕ್ಕೇ ಖರ್ಚು.

ಇನ್ನು ವಿಶ್ರಾಂತಿ. ಒಬ್ಬನೇ ಇದ್ದರೆ ಗಡಿಯಾರ ನೋಡಿ ಮೂರು ನಿಮಿಷ ಕೂರಬಹುದು. ಆತುರದ ಜೊತೆಗಾರ ಇದ್ದರೆ ಒಂದು ನಿಮಿಷಕ್ಕೇ "ಬಾ ಬಾ" ಅನ್ನುತ್ತಾನೆ. 2016ರಲ್ಲಿ ಬ್ರಾಡ್ ಶೋನ್‌ಫೆಲ್ಡ್ ಅನ್ನುವ ವ್ಯಾಯಾಮ ಸಂಶೋಧಕರ ತಂಡ ಇದನ್ನೇ ಪರೀಕ್ಷೆ ಮಾಡಿತ್ತು. ಮೊದಲೇ ತೂಕ ಎತ್ತುತ್ತಿದ್ದ ಹುಡುಗರನ್ನು ಎರಡು ಗುಂಪು ಮಾಡಿ, 8 ವಾರ ಒಂದೇ ವರ್ಕೌಟ್ ಕೊಟ್ಟರು. ಒಂದು ಗುಂಪಿಗೆ ಸೆಟ್‌ಗಳ ನಡುವೆ 1 ನಿಮಿಷ, ಇನ್ನೊಂದಕ್ಕೆ 3 ನಿಮಿಷ. ಬೆಂಚ್, ಸ್ಕ್ವಾಟ್ ಎರಡರಲ್ಲೂ ಶಕ್ತಿ ಜಾಸ್ತಿ ಬಂದದ್ದು 3 ನಿಮಿಷದವರಿಗೆ. ತೊಡೆಯ ದಪ್ಪವೂ ಅವರದ್ದೇ ಹೆಚ್ಚು ಬೆಳೆಯಿತು.

ಹಳೇಭುಜ
ಸಲಗ ಅವರೇ, ವಿಶ್ರಾಂತಿಯ ಮಾತು ಸರಿ. ಆದರೆ ಇಬ್ಬರು ಸರದಿಯಲ್ಲಿ ಮಾಡಿದರೆ ಆ ಮೂರು ನಿಮಿಷ ತಾನಾಗೇ ಸಿಗುತ್ತದೆ. ಅವನ ಸೆಟ್, ಪ್ಲೇಟ್ ಬದಲಾವಣೆ, ಒಂದು ಗುಟುಕು ನೀರು, ಅಷ್ಟರಲ್ಲಿ ನಿಮ್ಮ ಸರದಿ. ಗಡಿಯಾರವೇ ಬೇಡ. ಮೂವರಾದಾಗ ಮಾತ್ರ ಎಳೆದುಹೋಗುತ್ತದೆ.

ಸಂಜೆಬ್ಯಾಚ್, ನಿಮ್ಮ ಬೆಂಚ್ ವಿಷಯಕ್ಕೆ ಬರುತ್ತೇನೆ. ನಿಮಗೆ ಆಗುತ್ತಿರುವುದು ಸೋಮಾರಿತನ ಅಲ್ಲ. 2019ರಲ್ಲಿ ಒಂದು ಸಣ್ಣ, ಆದರೆ ಚಂದದ ಪ್ರಯೋಗ ಪ್ರಕಟವಾಯಿತು. ಬೆಂಚ್ ಪ್ರೆಸ್‌ನಲ್ಲಿ ತಮ್ಮ ಗರಿಷ್ಠ ತೂಕದ 60% ಹಾಕಿಕೊಂಡು, ಕೈ ಸೋಲುವ ತನಕ ಮೂರು ಸೆಟ್ ಮಾಡಬೇಕು. ಒಂದು ದಿನ ಸ್ಪಾಟರ್‌ಗಳು, ಅಂದರೆ ಎತ್ತಲಾಗದಿದ್ದರೆ ರಾಡ್ ಹಿಡಿಯಲು ನಿಲ್ಲುವವರು, ಕಣ್ಣೆದುರೇ ನಿಂತಿದ್ದರು. ಇನ್ನೊಂದು ದಿನ ಮರೆಯಲ್ಲಿದ್ದರು, ಎತ್ತುವವನಿಗೆ ಅವರು ಅಲ್ಲಿರುವುದೇ ಗೊತ್ತಿಲ್ಲ. ತೂಕ ಅದೇ, ಮನುಷ್ಯ ಅವನೇ. ಸ್ಪಾಟರ್ ಕಂಡ ದಿನ ರೆಪ್ ಜಾಸ್ತಿ ಬಂದವು. ಇನ್ನೂ ಮಜಾ ಅಂದರೆ, ಜಾಸ್ತಿ ಮಾಡಿದ ದಿನವೇ "ಅಷ್ಟೇನೂ ಕಷ್ಟ ಅನ್ನಿಸಲಿಲ್ಲ" ಅಂದರು.

ಅವರನ್ನು ಯಾರೂ ಮುಟ್ಟಿರಲಿಲ್ಲ. ಪಕ್ಕದಲ್ಲಿ ಜನ ಇದ್ದಾರೆ ಅನ್ನುವ ಧೈರ್ಯ ಅಷ್ಟೇ. ಡೆಡ್‌ಲಿಫ್ಟ್‌ನಲ್ಲಿ ಆಗದಿದ್ದರೆ ರಾಡ್ ಕೆಳಗಿಟ್ಟರೆ ಮುಗಿಯಿತು, ಅದಕ್ಕೇ ನಿಮಗೆ ಅಲ್ಲಿ ಭಯ ಇಲ್ಲ. ಬೆಂಚ್‌ನಲ್ಲಿ ರಾಡ್ ನಿಮ್ಮ ಕತ್ತಿನ ಹತ್ತಿರ ಇರುತ್ತದೆ. ಮನಸ್ಸು ಲೆಕ್ಕ ಹಾಕಿಯೇ ಹಾಕುತ್ತದೆ.

ರೆಪ್‌ರಾಯ
ಸ್ಪಾಟರ್ ಅಂದಾಗ ನೆನಪಾಯಿತು. "ಎಲ್ಲಾ ನಿಂದೇ, ಎಲ್ಲಾ ನಿಂದೇ" ಅಂತ ಕೂಗುತ್ತಾ ರಾಡನ್ನು ಅವನೇ ಎಳೆಯುತ್ತಿರುತ್ತಾನೆ. ಸೆಟ್ ಮುಗಿದ ಮೇಲೆ ಬೆಂಚ್ ಮಾಡಿದವನ ಎದೆಗಿಂತ ಇವನ ಭುಜ ಜಾಸ್ತಿ ಉಬ್ಬಿರುತ್ತದೆ.

ಒಂಟಿಸಲಗ
ಅದೇ ನಾನು ಹೇಳುತ್ತಿರುವುದು! ಅಂಥ ಜೊತೆಗಾರ ಇದ್ದರೆ ನಿಮ್ಮ ಡೈರಿಯಲ್ಲಿ ಬರೆದ ಒಂದು ಅಂಕಿಯೂ ನಿಜವಲ್ಲ. ಎಂಟು ರೆಪ್ ಅಂತ ಬರೆದಿರುತ್ತೀರಿ, ಅದರಲ್ಲಿ ನಿಮ್ಮದು ಆರೇ. ಮುಂದಿನ ವಾರ ಆ ಸುಳ್ಳಿನ ಮೇಲೆ ಇನ್ನೂ ತೂಕ ಏರಿಸುತ್ತೀರಿ.

ಓದಿದವ
ಈ ಪ್ರಶ್ನೆ ಇವತ್ತಿನದಲ್ಲ. 1898ರಲ್ಲಿ ನಾರ್ಮನ್ ಟ್ರಿಪ್ಲೆಟ್ ಅನ್ನುವ ಮನಶ್ಶಾಸ್ತ್ರಜ್ಞರು ಸೈಕಲ್ ರೇಸಿನ ದಾಖಲೆ ನೋಡುತ್ತಾ, ಒಬ್ಬನೇ ಓಡಿಸುವವನಿಗಿಂತ ಜೊತೆಗಿದ್ದು ಓಡಿಸುವವರು ವೇಗವಾಗಿ ಹೋಗುತ್ತಾರೆ ಅನ್ನುವುದನ್ನು ಗಮನಿಸಿದರು. ಆಮೇಲೆ ಮಕ್ಕಳ ಕೈಗೆ ಮೀನು ಹಿಡಿಯುವ ಗಾಳದ ರೀಲ್ ಕೊಟ್ಟು, ಒಬ್ಬರೇ ಸುತ್ತುವಾಗ ಹೇಗೆ, ಪಕ್ಕದಲ್ಲಿ ಇನ್ನೊಬ್ಬರಿದ್ದಾಗ ಹೇಗೆ ಅಂತ ನೋಡಿದರು.

ಆದರೆ ಜನ ಇದ್ದರೆ ಯಾವಾಗಲೂ ಒಳ್ಳೆಯದೇ ಅಂತಲ್ಲ. 1965ರಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾನ್ಸ್ ಇದಕ್ಕೊಂದು ವಿವರಣೆ ಕೊಟ್ಟರು. ಮೊದಲೇ ಚೆನ್ನಾಗಿ ರೂಢಿಯಾದ ಕೆಲಸ, ಜನರ ಎದುರು ಇನ್ನೂ ಚೆನ್ನಾಗಿ ಆಗುತ್ತದೆ. ಹೊಸದಾಗಿ ಕಲಿಯುತ್ತಿರುವ ಕೆಲಸ ಜನರ ಎದುರು ಹದಗೆಡುತ್ತದೆ. ನನ್ನ ಮಟ್ಟಿಗೆ ಇದು ಜಿಮ್‌ನಲ್ಲಿ ದಿನಾ ಕಣ್ಣಿಗೆ ಬೀಳುತ್ತದೆ. ಸ್ಕ್ವಾಟ್ ರೂಢಿ ಇರುವವನಿಗೆ ಯಾರಾದರೂ ನೋಡುತ್ತಿದ್ದರೆ ಹುರುಪು. ನೆಲದಿಂದ ರಾಡನ್ನು ಝಟ್ಟನೆ ಹೆಗಲಿಗೋ ತಲೆ ಮೇಲಕ್ಕೋ ಎತ್ತುವ ಕ್ಲೀನ್ ಅಥವಾ ಸ್ನ್ಯಾಚ್ ಹೊಸದಾಗಿ ಕಲಿಯುವವನಿಗೆ ಯಾರಾದರೂ ನೋಡಿದರೆ ಕೈಕಾಲು ಆಡುವುದಿಲ್ಲ. ಹೊಸ ಲಿಫ್ಟ್‌ಗಳನ್ನು ಒಂದು ಮೂಲೆಯಲ್ಲಿ ಖಾಲಿ ರಾಡ್ ಹಿಡಿದು ಒಬ್ಬರೇ ಕಲಿಯಿರಿ. ಜೊತೆಗಾರ ಆಮೇಲೆ.

ಮನೆಜಿಮ್
ನಾನು ಮನೆಯಲ್ಲೇ ಎತ್ತುವವನು. ಜೊತೆಗಾರ ಬೇಕು ಬೇಡ ಅನ್ನುವ ಆಯ್ಕೆಯೇ ಇಲ್ಲ. ಹಾಗಾಗಿ ಭಯದ ವಿಷಯಕ್ಕೆ ಮಾತ್ರ ಉತ್ತರ ಕೊಡುತ್ತೇನೆ.

ಭಯವನ್ನು ಮನುಷ್ಯನೇ ಬಂದು ಓಡಿಸಬೇಕಿಲ್ಲ. ರ‍್ಯಾಕ್‌ನ ಅಡ್ಡ ಪಿನ್‌ಗಳೂ ಆ ಕೆಲಸ ಮಾಡುತ್ತವೆ. ರ‍್ಯಾಕ್ ಅಂದರೆ ರಾಡ್ ಇಡುವ ಕಬ್ಬಿಣದ ಚೌಕಟ್ಟು, ರಾಡ್ ಎತ್ತಲಾಗದಿದ್ದರೆ ಆ ಪಿನ್‌ಗಳೇ ತಡೆಯುತ್ತವೆ. ಬೆಂಚನ್ನು ರ‍್ಯಾಕ್ ಒಳಗೇ ಇಟ್ಟುಕೊಳ್ಳಿ. ಕಂಬದ ಮೇಲೆ ರಾಡ್ ಇಟ್ಟುಕೊಂಡ ಬೆಂಚ್, ಸುತ್ತ ಏನೂ ಆಸರೆ ಇಲ್ಲ, ಹಿಂದೆ ಮನುಷ್ಯರೂ ಇಲ್ಲ ಅಂದರೆ ಅಲ್ಲಿ ಸೋಲುವ ತನಕ ಹೋಗಲೇಬೇಡಿ. ಆ ದಿನ ಡಂಬೆಲ್ ಎತ್ತಿಕೊಳ್ಳಿ. ಡಂಬೆಲ್ ಆಗದಿದ್ದರೆ ಎರಡು ಪಕ್ಕಕ್ಕೆ ಇಳಿಸಬಹುದು.

ಹೆಬ್ಬೆರಳು ಸುತ್ತದೆ ರಾಡನ್ನು ಅಂಗೈ ಮೇಲೆ ಸುಮ್ನೆ ಕೂರಿಸಿಕೊಳ್ಳುವ ಹಿಡಿತವನ್ನು ಒಬ್ಬರೇ ಇದ್ದಾಗ ದಯವಿಟ್ಟು ಬಿಡಿ. ರಾಡ್ ಜಾರಿದರೆ ಯೋಚನೆ ಮಾಡುವಷ್ಟೂ ಹೊತ್ತು ಸಿಗುವುದಿಲ್ಲ.

ರೆಪ್‌ರಾಯ
ಒಬ್ಬರೇ ಬೆಂಚ್ ಮಾಡುವಾಗ ಪ್ಲೇಟ್ ಜಾರದಂತೆ ಹಿಡಿಯುವ ಕ್ಲಿಪ್ ಹಾಕಬಾರದು ಅಂತಾರಲ್ಲ? ಆಗದಿದ್ದರೆ ಒಂದು ಕಡೆ ವಾಲಿಸಿ ಪ್ಲೇಟ್ ಬೀಳಿಸಬಹುದು.

ಮನೆಜಿಮ್
ಪಿನ್ ಇಲ್ಲದೇ ಹೋದರೆ ಅದು ಕೊನೆಯ ಉಪಾಯ. ಆದರೆ ಅದೇನು ಮೆತ್ತಗೆ ಆಗುವುದಿಲ್ಲ. ಒಂದು ಕಡೆಯ ಪ್ಲೇಟ್ ಬಿದ್ದ ಕ್ಷಣವೇ ಇನ್ನೊಂದು ಕಡೆಯ ಭಾರಕ್ಕೆ ರಾಡ್ ಗಿರ್ರನೆ ತಿರುಗುತ್ತದೆ. ಪಕ್ಕದಲ್ಲಿ ಯಾರಾದರೂ ಇದ್ದರೆ ಅವರ ಗತಿ? ಪಿನ್ ಇದ್ದರೆ ಕ್ಲಿಪ್ ಹಾಕಿ. ಪಿನ್ ಇಲ್ಲ, ಜನವೂ ಇಲ್ಲ ಅಂದರೆ ಕ್ಲಿಪ್ ಬಿಡಿ, ಜೊತೆಗೆ ಎರಡು ರೆಪ್ ಬಾಕಿ ಇರುವಾಗಲೇ ನಿಲ್ಲಿಸಿ.

ಇನ್ನೊಂದು ದಾರಿ ಇದೆ. ರಾಡನ್ನು ಎದೆಯಿಂದ ಹೊಟ್ಟೆ ಮೇಲೆ ಉರುಳಿಸಿಕೊಂಡು ಸೊಂಟಕ್ಕೆ ತಂದು, ಎದ್ದು ಕೂರುವುದು. ಹಗುರ ತೂಕಕ್ಕೆ ಪರವಾಗಿಲ್ಲ. ಭಾರ ಜಾಸ್ತಿ ಇದ್ದರೆ ಹೊಟ್ಟೆಯೊಳಗಿನದೆಲ್ಲ ಅದರ ಕೆಳಗೆ ಸಿಕ್ಕಿಕೊಳ್ಳುತ್ತದೆ, ನೆನಪಿರಲಿ.

ಚಾಕ್‌ಕೈ
ಹೆಣ್ಣುಮಕ್ಕಳ ಕಡೆಯಿಂದ ಒಂದು ಮಾತು. ಇಲ್ಲಿ ಎಲ್ಲರೂ ಸ್ಪಾಟರ್ ಸಿಕ್ಕರೆ ಒಳ್ಳೆಯದು ಅನ್ನುತ್ತಿದ್ದೀರಿ. ನಮಗೆ ತೊಂದರೆ ಉಲ್ಟಾ. ಕೇಳದೇ ಬಂದು ಹಿಂದೆ ನಿಲ್ಲುತ್ತಾರೆ. ಮೂರನೇ ರೆಪ್‌ಗೇ ರಾಡ್ ಹಿಡಿಯುತ್ತಾರೆ. ನಾನು ಇನ್ನೂ ಬಿಸಿಯೇ ಆಗಿರುವುದಿಲ್ಲ! ಸೆಟ್ ಕೆಟ್ಟಿತು, ಮೇಲಿಂದ "ಥ್ಯಾಂಕ್ಸ್" ಬೇರೆ ಹೇಳಬೇಕು.

ನಾನು ಈಗ ಇನ್ನೊಬ್ಬ ಹೆಂಗಸಿನ ಜೊತೆ ಮಾಡುತ್ತೇನೆ. ಅವರು ನನಗಿಂತ ದೊಡ್ಡವರು, ಅಕ್ಕ ಅನ್ನುತ್ತೇನೆ. ಅವರ ಹತ್ತಿರ ಕಲಿತ ಒಳ್ಳೆಯ ಅಭ್ಯಾಸ, ಸೆಟ್‌ಗೆ ಮೊದಲೇ ಬಾಯಿಬಿಟ್ಟು ಹೇಳುವುದು. "ಐದು ಮಾಡುತ್ತೇನೆ. ರಾಡ್ ಎತ್ತಿಕೊಡಿ. ಅದು ಮೇಲೆ ಹೋಗುವುದು ಪೂರ್ತಿ ನಿಂತರೆ ಅಥವಾ ನಾನು ಹಿಡಿ ಅಂದರೆ ಮಾತ್ರ ಮುಟ್ಟಿ." ಇಷ್ಟೇ. ಗುರುತಿಲ್ಲದವರ ಹತ್ತಿರ ಸಹಾಯ ಕೇಳುವಾಗಲೂ ಇದನ್ನೇ ಹೇಳುತ್ತೇನೆ. ನಿಧಾನ ಆಗುವುದಕ್ಕೂ ನಿಲ್ಲುವುದಕ್ಕೂ ವ್ಯತ್ಯಾಸ ಇದೆ. ಕಷ್ಟದ ರೆಪ್ ನಿಧಾನವಾಗಿಯೇ ಏಳುತ್ತದೆ, ಅಲ್ವಾ? ಅದನ್ನು ಏಳಲು ಬಿಡಿ.

ಹಳೇಭುಜ
ಈ ಮಾತನ್ನು ಪ್ರತಿ ಜಿಮ್‌ನ ಗೋಡೆಗೂ ಅಂಟಿಸಬೇಕಮ್ಮ.

ಸೀಟಿಮಾಸ್ತರು
ನಾನು ತರಬೇತಿ ಕೊಡುವವನು. ಸ್ಪಾಟ್ ಕೊಡುವುದು ಎಲ್ಲರಿಗೂ ಬರುತ್ತದೆ ಅಂದುಕೊಂಡಿರುತ್ತಾರೆ, ಬರುವುದಿಲ್ಲ. ಅದಕ್ಕೆ ಸ್ವಲ್ಪ ಬರೆಯುತ್ತೇನೆ.

ಬೆಂಚ್‌ನಲ್ಲಿ ತಲೆಯ ಹಿಂದೆ ನಿಂತು, ಎತ್ತುವವನ ಎರಡು ಕೈಗಳ ಒಳಗೆ, ಒಂದು ಅಂಗೈ ಮೇಲ್ಮುಖವಾಗಿ, ಇನ್ನೊಂದು ಕೆಳಮುಖವಾಗಿ ಇಟ್ಟು ಹಿಡಿಯಲು ಸಿದ್ಧವಾಗಿರಬೇಕು. ಕೈ ರಾಡಿನ ಜೊತೆ ಚಲಿಸಬೇಕು, ಮುಟ್ಟಬಾರದು. ರಾಡ್ ಎತ್ತಿಕೊಡುವಾಗ ಭುಜದ ನೇರಕ್ಕೆ ಬರುವ ತನಕ ಬಿಡಬಾರದು. ಈ ಎತ್ತಿಕೊಡುವುದು ಸಣ್ಣ ವಿಷಯ ಅನ್ನಿಸುತ್ತದೆ. ಆದರೆ ಒಬ್ಬರೇ ರಾಡ್ ತೆಗೆಯುವಾಗ, ಹಿಂದಕ್ಕೆ ಬಿಗಿದು ಇಟ್ಟುಕೊಂಡ ಭುಜದ ಮೂಳೆಗಳು ಸಡಿಲವಾಗಿಬಿಡುತ್ತವೆ. ಸೆಟ್ ಶುರುವಾಗುವ ಮೊದಲೇ ಅರ್ಧ ಬಲ ಹೋಯಿತು. ಒಬ್ಬರೇ ಇರುವವರು ರಾಡ್ ಕೂರುವ ಕೊಕ್ಕೆಯ ಎತ್ತರ ಸರಿಮಾಡಿಕೊಳ್ಳಿ. ಮೊಣಕೈ ಸ್ವಲ್ಪ ಮಡಚಿರುವಾಗಲೇ ರಾಡ್ ಕೈಗೆ ಸಿಗಬೇಕು.

ಡಂಬೆಲ್ ಪ್ರೆಸ್‌ಗೆ ಮೊಣಕೈ ಹಿಡಿದು ತಳ್ಳುವವರನ್ನು ಎಲ್ಲ ಕಡೆ ನೋಡುತ್ತೇನೆ. ತಪ್ಪು. ಮಣಿಕಟ್ಟಿನ ಹತ್ತಿರ ಹಿಡಿಯಬೇಕು. ಮೊಣಕೈ ಹಿಡಿದರೆ ತೋಳು ಒಳಕ್ಕೆ ಮಡಚಿಕೊಂಡು ಡಂಬೆಲ್ ನೇರ ಮುಖದ ಮೇಲೆ ಬರಬಹುದು.

ಸ್ಕ್ವಾಟ್‌ನಲ್ಲಿ ಭಾರ ದೊಡ್ಡದಾದರೆ ಹಿಂದೆ ಒಬ್ಬರು ನಿಂತು ತಬ್ಬಿಕೊಂಡರೆ ಸಾಲದು. ಎರಡು ತುದಿಗೂ ಒಬ್ಬೊಬ್ಬರು ಬೇಕು. ಪವರ್‌ಲಿಫ್ಟಿಂಗ್ ಸ್ಪರ್ಧೆಯಲ್ಲಿ ಪಕ್ಕದಲ್ಲಿ ಜನ ನಿಂತಿರುವುದು ಅದಕ್ಕೇ. ಕ್ಲೀನ್, ಸ್ನ್ಯಾಚ್‌ಗೆ ಮಾತ್ರ ಯಾರೂ ಹತ್ತಿರ ಹೋಗಬಾರದು. ಅಲ್ಲಿ ರಾಡ್ ಬಿಟ್ಟು ಪಕ್ಕಕ್ಕೆ ಸರಿಯುವುದನ್ನು ಕಲಿಯುವುದೇ ಸುರಕ್ಷತೆ. ಪಕ್ಕದಲ್ಲಿ ನಿಂತವನಿಗೆ ಪೆಟ್ಟು ಗ್ಯಾರಂಟಿ.

ಇನ್ನೊಂದು. ಕೋಚ್‌ನ ಕೆಲಸವನ್ನು ಜೊತೆಗಾರನ ತಲೆಗೆ ಕಟ್ಟಬೇಡಿ. 2000ದಲ್ಲಿ ಮಜೆಟ್ಟಿ ಅನ್ನುವ ಸಂಶೋಧಕರ ತಂಡ 12 ವಾರದ ಅಧ್ಯಯನ ಮಾಡಿತ್ತು. ಎರಡೂ ಗುಂಪಿಗೆ ಒಂದೇ ಪ್ಲಾನ್. ಒಂದು ಗುಂಪಿನ ಪಕ್ಕದಲ್ಲಿ ತರಬೇತುದಾರರಿದ್ದರು, ಇನ್ನೊಂದು ಗುಂಪು ತಾನೇ ಮಾಡಿಕೊಂಡಿತು. ತರಬೇತುದಾರರಿದ್ದವರು ತೂಕವನ್ನು ಬೇಗ ಬೇಗ ಏರಿಸಿಕೊಂಡರು, ಕೊನೆಗೆ ಸ್ಕ್ವಾಟ್, ಬೆಂಚ್ ಎರಡರಲ್ಲೂ ಮುಂದಿದ್ದರು. ಇದನ್ನು ತೋರಿಸಿ "ನೋಡಿ, ಜೊತೆಗಾರ ಬೇಕು" ಅನ್ನುವವರಿದ್ದಾರೆ. ಅಲ್ಲಿ ಇದ್ದದ್ದು ಜೊತೆಗಾರ ಅಲ್ಲ, ಇವತ್ತು ಎಷ್ಟು ಹಾಕಬೇಕು ಅಂತ ಹೇಳಬಲ್ಲ ಮನುಷ್ಯ. ನಿಮ್ಮ ಗೆಳೆಯನಿಗೆ ಅದು ಗೊತ್ತಿದ್ದರೆ ಅದೃಷ್ಟ.

ಸಂಜೆಬ್ಯಾಚ್
ಎಲ್ಲರಿಗೂ ಧನ್ಯವಾದ. ಭಯ ಅನ್ನುವುದು ನನ್ನ ತಲೆಗೇ ಹೊಳೆದಿರಲಿಲ್ಲ. ಹಳೇ ಗೆಳೆಯ ಬೆಂಚ್‌ನಲ್ಲಿ ರಾಡ್ ಮುಟ್ಟುತ್ತಿದ್ದದ್ದು ಬಹಳ ಅಪರೂಪ. ಸುಮ್ನೆ ನಿಂತಿರುತ್ತಿದ್ದ.

ನಮ್ಮ ಹೊತ್ತಿಗೆ ಇಬ್ಬರು ಬರುತ್ತಾರೆ, ಇಬ್ಬರೂ ಪರಿಚಯ. ಒಬ್ಬ ಹೆಚ್ಚುಕಡಿಮೆ ನನ್ನಷ್ಟೇ ಎತ್ತುತ್ತಾನೆ, ಆದರೆ ವಾರಕ್ಕೊಮ್ಮೆ ಕಾಣೆ. ಇನ್ನೊಬ್ಬ ನನಗಿಂತ ಸ್ವಲ್ಪ ಜಾಸ್ತಿ ಎತ್ತುತ್ತಾನೆ, ತಪ್ಪದೇ ಬರುತ್ತಾನೆ, ಆದರೆ ಅವನ ಪ್ಲಾನೇ ಬೇರೆ. ಯಾರನ್ನು ಕೇಳಲಿ?

ಓದಿದವ
ಎರಡನೆಯವರನ್ನು. ಅದಕ್ಕೊಂದು ಒಳ್ಳೆಯ ಕಾರಣ ಇದೆ.

1920ರ ದಶಕದಲ್ಲಿ ಒಟ್ಟೊ ಕೋಲರ್ ಅನ್ನುವ ಜರ್ಮನ್ ಮನಶ್ಶಾಸ್ತ್ರಜ್ಞರು ಬರ್ಲಿನ್‌ನ ದೋಣಿ ಕ್ಲಬ್ಬಿನವರ ಕೈಯಲ್ಲಿ ತೂಕ ಎತ್ತಿಸಿದರು. ನಿಂತುಕೊಂಡು ಬೈಸೆಪ್ಸ್ ಕರ್ಲ್, ಕೈ ಸೋಲುವ ತನಕ. ಒಬ್ಬರೇ ಆದರೆ 41 ಕಿಲೋ. ಇಬ್ಬರು ಸೇರಿ ಒಂದೇ ರಾಡ್ ಹಿಡಿದರೆ 82 ಕಿಲೋ. ಒಬ್ಬ ಕೈಬಿಟ್ಟರೆ ಇನ್ನೊಬ್ಬನಿಂದ ಆಗುವುದಿಲ್ಲ, ಅಲ್ಲಿಗೆ ಆಟ ಮುಗಿಯಿತು. ಆಗ ಇಬ್ಬರಲ್ಲಿ ಬಲ ಕಡಿಮೆ ಇದ್ದವನು, ತಾನೊಬ್ಬನೇ ಇದ್ದಾಗಿನದಕ್ಕಿಂತ ಜಾಸ್ತಿ ಹೊತ್ತು ತಡೆದುಕೊಂಡ. ನನ್ನಿಂದ ನಿಲ್ಲಬಾರದು ಅನ್ನುವ ಹಟ.

ನಿಮಗೆ ಬೇಕಾದ ಭಾಗ ಮುಂದಿದೆ. ಇಬ್ಬರ ಬಲ ಸಮ ಇದ್ದಾಗ ಈ ಪರಿಣಾಮ ಅಷ್ಟಾಗಿ ಕಾಣಲಿಲ್ಲ. ಅಂತರ ತುಂಬಾ ದೊಡ್ಡದಾದಾಗಲೂ ಕಾಣಲಿಲ್ಲ. ಮಧ್ಯಮ ಅಂತರ ಇದ್ದಾಗ ಜೋರಾಗಿತ್ತು. ನಿಮಗಿಂತ ಸ್ವಲ್ಪ ಜಾಸ್ತಿ ಎತ್ತುವವನು, ಅಂದರೆ ಬೆನ್ನಟ್ಟಿದರೆ ಸಿಗಬಹುದು ಅನ್ನಿಸುವವನು.

ಒಂಟಿಸಲಗ
ಗುರು, ಇನ್ನೊಂದು ಪ್ರಯೋಗವನ್ನು ಯಾಕೆ ಬಿಟ್ಟೆ? ಮ್ಯಾಕ್ಸ್ ರಿಂಗೆಲ್ಮನ್, ಫ್ರಾನ್ಸಿನ ಕೃಷಿ ಎಂಜಿನಿಯರ್, 1913ರಲ್ಲಿ ಪ್ರಕಟಿಸಿದ್ದು. ಹಗ್ಗ ಎಳೆಯಲು ಜನ ಜಾಸ್ತಿ ಆದಷ್ಟೂ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗುತ್ತಾ ಹೋಯಿತು. ನಾಲ್ಕು ಜನ ಇದ್ದಾರಲ್ಲ, ನಾನ್ಯಾಕೆ ಸಾಯಲಿ ಅಂತ. ಜೊತೆ ಸಿಕ್ಕರೆ ಮೈಗಳ್ಳತನವೂ ಸಿಗುತ್ತದೆ.

ಓದಿದವ
ಬಿಟ್ಟಿದ್ದಲ್ಲ, ಇಲ್ಲಿಗೆ ಹೊಂದುವುದಿಲ್ಲ ಅಂತ. ಹಗ್ಗದಲ್ಲಿ ಯಾರು ಎಷ್ಟು ಎಳೆದರು ಅಂತ ಯಾರಿಗೂ ಕಾಣುವುದಿಲ್ಲ. ಜೊತೆಗೆ, ಬಲ ಕುಗ್ಗಿದ್ದರಲ್ಲಿ ಒಂದು ಪಾಲು ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯಲು ಆಗದಿರುವುದರಿಂದಲೂ ಬರುತ್ತದೆ. ಜಿಮ್‌ನಲ್ಲಿ ನಿನ್ನ ರಾಡ್ ನಿನ್ನದು, ನಿನ್ನ ರೆಪ್ ನಿನ್ನದು. ಎದುರಿಗಿರುವವನು ಎಣಿಸುತ್ತಿರುತ್ತಾನೆ. ಮೈಗಳ್ಳತನ ಮಾಡುವುದು ಎಲ್ಲಿ?

ಒಂಟಿಸಲಗ
ಸೆಟ್ ನಡುವಿನ ಹರಟೆಯಲ್ಲಿ! ಅದನ್ನು ಯಾರೂ ಎಣಿಸುವುದಿಲ್ಲ. ಒಪ್ಪಿದೆ, ಹಗ್ಗದ ಮಾತು ವಾಪಸ್.

ಹಳೇಭುಜ
ಸಂಜೆಬ್ಯಾಚ್, ನನ್ನ ಓಟೂ ಎರಡನೆಯವರಿಗೇ. ಆದರೆ ನನ್ನ ಕಾರಣ ಸರಳ. ಅವರು ಬರುತ್ತಾರೆ. ಉಳಿದ ಎಲ್ಲ ಗುಣಕ್ಕಿಂತ ಇದು ದೊಡ್ಡದು. ವಾರಕ್ಕೊಮ್ಮೆ ಮಾಯವಾಗುವವನ ಜೊತೆ ಸೇರಿದರೆ ನಿಮಗೂ ಮಾಯವಾಗುವ ಅಭ್ಯಾಸ ಬರುತ್ತದೆ. "ಅವನೇ ಬರಲ್ಲ ಅಂದ, ನಾಳೆ ಹೋದರಾಯಿತು" ಅನ್ನುವುದು ಬಹಳ ಸುಲಭ.

ಪ್ಲಾನ್ ಬೇರೆ ಅನ್ನುವುದು ತೊಂದರೆಯೇ ಅಲ್ಲ. ಜೊತೆಗಾರ ಅಂದರೆ ಮೊದಲಿಂದ ಕೊನೆ ತನಕ ಒಂದೇ ವ್ಯಾಯಾಮ ಮಾಡಬೇಕು ಅಂತ ಯಾಕೆ ಅಂದುಕೊಳ್ಳುತ್ತೀರಿ? ಹೊತ್ತು ಹಂಚಿಕೊಳ್ಳಿ, ರ‍್ಯಾಕ್ ಹಂಚಿಕೊಳ್ಳಿ, ಪ್ಲಾನ್ ನಿಮ್ಮ ನಿಮ್ಮದು ಇಟ್ಟುಕೊಳ್ಳಿ. ಅವರ ಬೆಂಚ್ ದಿನವೂ ನಿಮ್ಮ ಬೆಂಚ್ ದಿನವೂ ಒಂದೇ ಬಂದರೆ ಸಾಕು. ಅವರು 5 ರೆಪ್ ಮಾಡಲಿ, ನೀವು 8 ಮಾಡಿ. ದೊಡ್ಡ ಲಿಫ್ಟ್ ಮುಗಿದ ಮೇಲೆ ನೀವೊಂದು ದಿಕ್ಕು, ಅವರೊಂದು ದಿಕ್ಕು. ರೋ, ಕರ್ಲ್, ಪುಲ್‌ಅಪ್‌ಗೆ ಯಾರ ಕಾವಲೂ ಬೇಡ. ನೀವೇ ಹೇಳಿದ್ದೀರಲ್ಲ, ಅವು ಒಬ್ಬರೇ ಇದ್ದಾಗಲೇ ಚೆನ್ನಾಗಿ ಆಗುತ್ತವೆ ಅಂತ.

ಅರ್ನಾಲ್ಡ್ ಶ್ವಾರ್ಜ್‌ನೆಗರ್ ಮತ್ತು ಫ್ರಾಂಕೊ ಕೊಲಂಬು ವರ್ಷಗಟ್ಟಲೆ ಜೊತೆಗೆ ಎತ್ತಿದವರು. ಒಬ್ಬ ಬೆಟ್ಟದಷ್ಟು ಎತ್ತರ, ಇನ್ನೊಬ್ಬ ಗಿಡ್ಡ. ಅರ್ನಾಲ್ಡ್ 1970ರಿಂದ 1975ರ ತನಕ ಸತತವಾಗಿ ಮಿಸ್ಟರ್ ಒಲಿಂಪಿಯಾ ಬಾಡಿಬಿಲ್ಡಿಂಗ್ ಸ್ಪರ್ಧೆ ಗೆದ್ದ, 1976ರಲ್ಲಿ ಫ್ರಾಂಕೊ ಗೆದ್ದ. ದೇಹ ಒಂದೇ ಥರ ಇರಬೇಕು ಅನ್ನುವ ನಿಯಮವೇನಿಲ್ಲ.

ಚಾಕ್‌ಕೈ
ಕೇಳುವಾಗ "ಇನ್ಮೇಲೆ ನನ್ನ ಪಾರ್ಟ್ನರ್ ಆಗುತ್ತೀರಾ" ಅಂತ ಕೇಳಬೇಡಿ. ಎದುರಿನವರಿಗೆ ಗಾಬರಿಯಾಗುತ್ತದೆ. "ಬೆಂಚ್ ದಿನ ಸರದಿಯಲ್ಲಿ ಮಾಡೋಣವಾ" ಅನ್ನಿ ಸಾಕು. ಹೊಂದದಿದ್ದರೆ ಇಬ್ಬರಿಗೂ ಮುಜುಗರ ಇಲ್ಲದೇ ಬಿಡಬಹುದು.

ಪ್ಲೇಟ್ ತೊಂದರೆಗೆ ಒಂದು ಉಪಾಯ. ಇಬ್ಬರ ತೂಕಕ್ಕೂ ಒಳಗಡೆ ಒಂದೇ ದೊಡ್ಡ ಪ್ಲೇಟ್ ಇರಲಿ, ವ್ಯತ್ಯಾಸವನ್ನು ಹೊರಗಡೆ ಸಣ್ಣ ಪ್ಲೇಟ್‌ನಲ್ಲಿ ಮಾಡಿಕೊಳ್ಳಿ. ಅವರು 80, ನೀವು 70 ಅಂದರೆ ಎರಡು ಕಡೆ ಒಂದೊಂದು 5 ಕಿಲೋ ಪ್ಲೇಟ್ ತೆಗೆದರೆ ಮುಗಿಯಿತು.

ಸಂಜೆಬ್ಯಾಚ್
ಮುಂದಿನ ಬೆಂಚ್ ದಿನವೇ ಕೇಳುತ್ತೇನೆ. ಮನೆಜಿಮ್ ಅವರೇ, ಅವರು ಬರದ ದಿನಕ್ಕೆ ಪಿನ್ ಎಷ್ಟು ಎತ್ತರ ಇಡಬೇಕು? ನಮ್ಮ ರ‍್ಯಾಕ್‌ನಲ್ಲಿ ತೂತುಗಳ ನಡುವೆ ಅಂತರ ಜಾಸ್ತಿ. ಒಂದರಲ್ಲಿ ಇಟ್ಟರೆ ರಾಡ್ ಎದೆ ಮುಟ್ಟುವ ಮೊದಲೇ ಪಿನ್‌ಗೆ ಬಡಿಯುತ್ತದೆ, ಅದರ ಕೆಳಗಿನದರಲ್ಲಿ ಇಟ್ಟರೆ ತೀರಾ ಕೆಳಗೆ.

ಮನೆಜಿಮ್
ಮೇಲಿನ ತೂತಿನಲ್ಲೇ ಪಿನ್ ಇಡಿ, ಬೆಂಚನ್ನು ಎತ್ತರ ಮಾಡಿ. ಬೆಂಚಿನ ಕಾಲುಗಳ ಕೆಳಗೆ ಗಟ್ಟಿ ರಬ್ಬರ್ ಮ್ಯಾಟ್ ಹಾಕಿ, ನಾಲ್ಕೂ ಕಡೆ ಸಮ ಇರಬೇಕು, ಅಲುಗಾಡಬಾರದು. ನಿಮ್ಮ ಪಾದಕ್ಕೆ ನೆಲ ದೂರವಾದರೆ ಪಾದದ ಕೆಳಗೂ ಒಂದೊಂದು ಪ್ಲೇಟ್ ಮಲಗಿಸಿ.

ಆಮೇಲೆ ಖಾಲಿ ರಾಡ್ ಹಿಡಿದು ಪರೀಕ್ಷೆ ಮಾಡಿ. ಬೆನ್ನು ಬಿಲ್ಲಿನಂತೆ ಎತ್ತಿ, ಎದೆ ಉಬ್ಬಿಸಿ ಮಲಗಿದಾಗ ರಾಡ್ ಎದೆ ಮುಟ್ಟಬೇಕು, ಪಿನ್ ಮುಟ್ಟಬಾರದು. ಉಸಿರು ಬಿಟ್ಟು ಬೆನ್ನು ಚಪ್ಪಟೆ ಮಾಡಿದಾಗ ರಾಡ್ ಪಿನ್ ಮೇಲೆ ಕೂರಬೇಕು, ಎದೆಯ ಮೇಲೆ ಭಾರ ಇರಬಾರದು. ಹಾಗೇ ರಾಡನ್ನು ಕತ್ತಿನ ಕಡೆ ಉರುಳಿಸಿ ನೋಡಿ, ಗಂಟಲಿಗೆ ತಾಗದಂತೆ ಜಾಗ ಉಳಿದಿರಬೇಕು. ಮೂರೂ ಸರಿ ಇದ್ದರೆ ತೂಕ ಹಾಕಿ. ಮೊದಲು ಹಗುರ ತೂಕದಲ್ಲಿ ಬೇಕಂತಲೇ ಒಮ್ಮೆ ಸೋತು ನೋಡಿ, ಹೇಗೆ ಜಾರಿ ಹೊರಬರಬೇಕು ಅಂತ ಮೈಗೆ ಗೊತ್ತಾಗಲಿ. ಬೆಂಚಿನ ಕಾಲು ಇರುವ ಜಾಗಕ್ಕೆ ನೆಲದ ಮೇಲೆ ಒಂದು ಗುರುತು ಹಾಕಿಕೊಳ್ಳಿ. ನಾಲ್ಕು ಬೆರಳು ಆಚೀಚೆ ಆದರೂ ರಾಡ್ ಕೊಕ್ಕೆಗೆ ತಾಗುತ್ತದೆ.

ರೆಪ್‌ರಾಯ
ಬೇಕಂತಲೇ ಸೋಲುವುದಾ? ಅದನ್ನಂತೂ ನಾನು ಕಷ್ಟಪಡದೇ ಮಾಡುತ್ತೇನೆ.